ಲಾಳಿ ನಿಂತಾಗ ಸಂವೇಗ ಎಲ್ಲಿಗೆ ಹೋಯಿತು?

ನಾನು ಗೆಲ್ಲಲೆಂದೇ ಭೌತಶಾಸ್ತ್ರದ ಮೇಷ್ಟ್ರ ಜೊತೆ ವಾದಕ್ಕಿಳಿದೆ ಎಂದು ನಮ್ಮ ಚಳ್ಳಕೆರೆ ಕಾಲೇಜಿನಲ್ಲಿ ಈಗಲೂ ಹೇಳುತ್ತಾರೆ. ಗೆಲ್ಲಬೇಕಾದರೆ ಮೊದಲು ನನಗೊಂದು ಪಕ್ಷವಿರಬೇಕಲ್ಲ? ಅದೇ ಇರಲಿಲ್ಲ.

ಕಿರುಪರೀಕ್ಷೆಯ ಪ್ರಶ್ನೆ ಸರಳವಾಗಿತ್ತು: ನುಣುಪು ಹಳಿಯ ಮೇಲೆ ಓಡುವ ಬಂಡಿ, ನಿಂತಿರುವ ಅಷ್ಟೇ ಭಾರದ ಬಂಡಿಗೆ ಬಡಿದು ಅಂಟಿಕೊಳ್ಳುತ್ತದೆ. ಆಮೇಲೆ ವೇಗವೆಷ್ಟು? ನಾನು ಸೊನ್ನೆ ಎಂದು ಬರೆದೆ. ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಅವ್ವ ರೇಷ್ಮೆ ಸೀರೆ ನೇಯುತ್ತಾಳೆ. ಅವಳು ಮಗ್ಗದ ಹಗ್ಗ ಜಗ್ಗಿದರೆ, ನೂಲಿನ ಸುರುಳಿ ಹೊತ್ತ ಲಾಳಿ ಎಳೆಗಳ ನಡುವೆ ಓಡಿ, ಆಚೆ ತುದಿಯ ಪೆಟ್ಟಿಗೆಗೆ ಬಡಿದು ನಿಲ್ಲುತ್ತದೆ. ಹುಟ್ಟಿದಾಗಿನಿಂದ ನಾನು ಕಂಡ ಡಿಕ್ಕಿ ಅದು. ನಿಂತದ್ದಕ್ಕೆ ಬಡಿದದ್ದೂ ನಿಲ್ಲುತ್ತದೆ, ಇದರಲ್ಲಿ ಅನುಮಾನವೇನು?

ತಪ್ಪಂತೆ. ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ, ನಾಶವಾಗದೆ ಎರಡೂ ಬಂಡಿಗೆ ಹಂಚಿಹೋಗುತ್ತದಂತೆ. ಉತ್ತರ ಅರ್ಧ ವೇಗ. ನಾನು ಫೇಲಾದೆ. ಮರುಪರೀಕ್ಷೆಯಲ್ಲಿ ಪಾಸಾಗದಿದ್ದರೆ ನನ್ನನ್ನು ಜಿಲ್ಲಾ ಚರ್ಚಾಸ್ಪರ್ಧೆಗೆ ಕಳಿಸುವುದಿಲ್ಲ ಎಂದರು ಪ್ರಿನ್ಸಿಪಾಲರು. ಮೇಷ್ಟ್ರ ಹತ್ತಿರ ಓಡಿದೆ.

“ನಾಶ ಆಗಲ್ಲ ಅಂತೀರಿ. ಹಂಗಾರೆ ಲಾಳಿ ಸಂವೇಗ ಎಲ್ಲಿ ಹೋತು ಸಾರ್?”

“ಮಗ್ಗಕ್ಕೆ. ಮಗ್ಗ ನೆಲದಾಗೆ ಹೂತೈತಲ್ಲಮ್ಮ, ಅಲ್ಲಿಂದ ಭೂಮಿಗೆ.”

“ಭೂಮಿ ಅಲ್ಲಾಡ್ತೈತಾ?”

“ಅಲ್ಲಾಡ್ತೈತೆ. ಅದರ ಭಾರಕ್ಕೆ ಗೊತ್ತಾಗಲ್ಲ ಅಷ್ಟೇ.”

ಅಲ್ಲಾಡುತ್ತದೆ, ಆದರೆ ಗೊತ್ತಾಗುವುದಿಲ್ಲ! ಎದುರು ತಂಡದವರು ಹೀಗೆಂದಿದ್ದರೆ ವೇದಿಕೆಯ ಮೇಲೇ ನೀರಿಳಿಸುತ್ತಿದ್ದೆ. ಮನೆಗೆ ಹೋಗಿ ಅವ್ವನಿಗೆ ಹೇಳಿದೆ.

“ನಿಮ್ಮಪ್ಪನ ಗೊರಕೆಗೇ ಅಲ್ಲಾಡ್ಲಿಲ್ಲ, ನನ್ನ ಲಾಳಿಗೆ ಅಲ್ಲಾಡ್ತೈತಾ ಭೂಮಿ?” ಎಂದು ನಕ್ಕಳು.

ಮರುಪರೀಕ್ಷೆಯ ಬೆಳಿಗ್ಗೆ ಮತ್ತೆ ಮೇಷ್ಟ್ರನ್ನು ಹಿಡಿದೆ. ಅವರು ಬೋರ್ಡಿನ ಮೇಲೆ ಎರಡು ಬಂಡಿ ಬರೆದು ಸುತ್ತ ಗೆರೆ ಎಳೆದರು.

“ಹಳಿಯುದ್ದಕ್ಕೆ ಈ ಗೆರೆ ಆಚೆಯಿಂದ ಯಾರೂ ತಳ್ಳಲ್ಲ, ಅದಕ್ಕೇ ಸಂವೇಗ ಉಳೀತೈತೆ. ಲಾಳಿ ಸುತ್ತ ಮಾತ್ರ ಗೆರೆ ಎಳೆದ್ರೆ ಆಚೆಗಿರೋ ಪೆಟ್ಟಿಗೆ ಅದನ್ನ ತಡೀತೈತೆ, ಉಳಿಯಲ್ಲ. ಭೂಮಿನೂ ಒಳಗೆ ಸೇರಿಸ್ಕೊಂಡ್ರೆ ಮತ್ತೆ ಉಳೀತೈತೆ. ತಿಳೀತಾ ವಕೀಲಮ್ಮ?”

ತಿಳಿದದ್ದು ಇಷ್ಟು: ಗೆರೆ ಹಿಗ್ಗಿಸಿದರೆ ಉಳಿಯುತ್ತದೆ, ಕುಗ್ಗಿಸಿದರೆ ಇಲ್ಲ. ಚರ್ಚೆಯಲ್ಲಿ ವಿಷಯದ ಎಲ್ಲೆಯನ್ನು ಹೀಗೆ ಬೇಕಾದಂತೆ ಹಾಕಿಕೊಂಡರೆ ನಾವು ಮೋಸ ಎನ್ನುತ್ತೇವೆ. ಇಲ್ಲಿ ಅದೇ ವಿಧಾನವೋ?

ಗಂಟೆ ಹೊಡೆಯಿತು. ಪ್ರಶ್ನೆಪತ್ರಿಕೆ ಕೈಗೆ ಬಂತು. ಮೊದಲನೆಯದೇ, ಓಡುವ ಟ್ರಾಲಿಯೊಳಕ್ಕೆ ಮೇಲಿನಿಂದ ನೇರ ಕೆಳಕ್ಕೆ ಶೇಂಗಾ ಮೂಟೆ ಬೀಳುತ್ತದೆ, ಆಮೇಲೆ ಟ್ರಾಲಿಯ ವೇಗವೆಷ್ಟು? ಟ್ರಾಲಿ, ಮೂಟೆ ಎರಡನ್ನೂ ಸೇರಿಸಿ ಗೆರೆ ಎಳೆದೆ. ಪೆನ್ನು ಅಲ್ಲೇ ನಿಂತಿತು. ಎದ್ದು ನಿಂತು ಮೇಷ್ಟ್ರನ್ನೇ ಕೇಳಿದೆ:

“ಸಾರ್, ಮೂಟೆನ ಕೆಳಕ್ಕೆ ಎಳೆಯೋದೇ ಭೂಮಿ. ಇಲ್ಲಿ ಭೂಮಿ ಗೆರೆ ಒಳಗೋ, ಹೊರಗೋ?”