ಫೋಟೋ ಬೆನ್ನಿಗಂಟಿದ ಯುದ್ಧದ ಪೋಸ್ಟರ್

ಜುಲೈ 6, ಭಾನುವಾರ, ಬೆಳಗ್ಗೆ 10.20. ಮೂಡಿಗೆರೆಯಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಸಲೀಂ ಭಾಯ್ ಫೋನ್ ಮಾಡಿದರು. "ನಿಮ್ಮ ಐಟಂ ಒಂದು ಸಿಕ್ಕಿದೆ. ಬೇಗ ಬನ್ನಿ ಮಾರಾಯ್ರೆ, ಪಾರ್ಟಿ ಇಲ್ಲೇ ಕೂತಿದ್ದಾರೆ."

ನನ್ನ ಐಟಂ ಯಾವುದೆಂದು ನಿಮಗೆ ಗೊತ್ತಲ್ಲ? ಎರಡನೇ ಮಹಾಯುದ್ಧದ ಕಾಲದಲ್ಲಿ ಸೈನಿಕರಿಗಾಗಿ, ಅವರ ಮನೆಯವರಿಗಾಗಿ ಚಂದಾ ಕೇಳಿ ಅಂಟಿಸುತ್ತಿದ್ದ ಪೋಸ್ಟರ್‌ಗಳು. ಎರಡು ವರ್ಷದಲ್ಲಿ ನನಗೆ ಸಿಕ್ಕಿದ್ದು ಆರು. ಅದರಲ್ಲಿ ನಾಲ್ಕು ಹಳೆ ಫೋಟೋಗಳ ಬೆನ್ನಲ್ಲಿದ್ದವು. (ಗಟ್ಟಿ ಕಾಗದ ಸಿಕ್ಕರೆ ಆಗ ಯಾರು ಬಿಸಾಡುತ್ತಿದ್ದರು?) ಆರೂ ಇಂಗ್ಲಿಷಿನವು.

ಇದು ಕನ್ನಡದ್ದು.

ಪಾರ್ಟಿ ಎಂದರೆ ಕಳಸದ ಕಡೆಯ ಕಮಲಮ್ಮ. ಎಂಬತ್ತು ದಾಟಿದವರು. ಗೆದ್ದಲು ತಿಂದ ಕಟ್ಟು ಬದಲಿಸಲು ಅಪ್ಪನ ಫೋಟೋ ತಂದಿದ್ದರು. ಮಿಲಿಟರಿ ಟೋಪಿಯ ತರುಣ. ಮಗಳು ಹುಟ್ಟುವ ಮೊದಲೇ ಯುದ್ಧಕ್ಕೆ ಹೋದವರು ವಾಪಸ್ ಬರಲಿಲ್ಲ. ಇರುವುದು ಇದೊಂದೇ ಫೋಟೋ. ಪೋಸ್ಟರ್ ಅಂಟಿದ್ದು ಅದರ ಬೆನ್ನಿಗೆ.

"ಸಲೀಮಣ್ಣ ಬಿಡಿಸಿ ಕೊಟ್ರೆ ಕಾಗದ ನೀವು ತಗೊಳ್ಳಿ. ನಂಗೆ ಅದೇನಕ್ಕೆ?" ಎಂದರು ಕಮಲಮ್ಮ.

ಸಲೀಂ ಅಂಚಿಗೆ ಒದ್ದೆ ಹತ್ತಿ ಒತ್ತಿ ಬ್ಲೇಡ್ ತೂರಿಸಿದರು. ಪೋಸ್ಟರ್ ಬೆರಳಗಲ ಎದ್ದಿತು. ಇನ್ನೊಂದು ಬೆರಳಗಲ. ಚಿಟ್ ಎಂದಿತು.

ತಿರುಗಿಸಿ ನೋಡಿದರು. ಟೋಪಿಯ ಮೇಲೆ ಬಿಳಿ ಗೆರೆ. ಮಳೆಗಾಲಗಳ ಥಂಡಿಗೆ ಫೋಟೋ ಗಾಜಿಗೆ ಅಂಟಿ ಕೂತಿತ್ತು. ಹಿಂದಿನಿಂದ ಪೋಸ್ಟರ್ ಎಳೆದರೆ ಫೋಟೋವೂ ಅದರ ಜೊತೆ ಹರಿಯುತ್ತಿತ್ತು.

"ಇನ್ನು ಎಳೆದ್ರೆ ಮುಖಕ್ಕೆ ಬರುತ್ತೆ. ಏನು ಮಾಡ್ಲಿ?" ಕೇಳಿದ್ದು ನನ್ನನ್ನು.

"ಹಬೆ ಹಿಡಿದು ನೋಡಿದ್ರೆ?" ಎಂದೆ.

"ನೋಡಬಹುದು. ಗ್ಯಾರಂಟಿ ಇಲ್ಲ."

"ಅಲ್ಲ ಮಾರಾಯ, ಅಪ್ಪ ನನ್ನವ್ರು. ನೀವಿಬ್ರೇ ಮಾತಾಡ್ಕೊಂಡ್ರೆ ಹೆಂಗೆ?" ಕಮಲಮ್ಮ ಎದ್ದು ನಿಂತಿದ್ದರು. ಕೈ ಫ್ರೇಮಿನ ಮೇಲಿತ್ತು. "ನಾನು ಆ ಮುಖ ನೋಡಿದ್ದು ಇದ್ರಲ್ಲಿ ಮಾತ್ರ. ಮುಚ್ಚಿಬಿಡಿ."

ಸಲೀಂ ಬ್ಲೇಡ್ ಕೆಳಗಿಟ್ಟರು. ಎದ್ದಿದ್ದ ಅಂಚನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿದರು. ಹೊಸ ಕಟ್ಟು ಹಾಕುವ ಮೊದಲು ಮೊಬೈಲಿನಲ್ಲಿ ಪೋಸ್ಟರಿನ ಚಿತ್ರ ತೆಗೆದುಕೊಳ್ಳಲು ನನಗೆ ಬಿಟ್ಟರು.

ಮಗುವನ್ನು ಎತ್ತಿಕೊಂಡ ಹೆಂಗಸು. ಅವಳ ಕೆಳಗೆ ದಪ್ಪ ಅಕ್ಷರ: "ಯುದ್ಧಕ್ಕೆ ಹೋದವರ ಮನೆಯನ್ನು ಮರೆಯಬೇಡಿ. ಧಾರಾಳವಾಗಿ ನೀಡಿ." ಹಣ ಯಾರಿಗೆ ಕಳಿಸಬೇಕು ಎಂಬ ಸಾಲು ಫ್ರೇಮಿನ ಅಳತೆಗೆ ಕತ್ತರಿಸಿ ಹೋಗಿದೆ.

ಕಮಲಮ್ಮನಿಗೆ ಓದಿ ಹೇಳಿದೆ. ಅದರಲ್ಲಿ ಏನು ಬರೆದಿದೆ ಎಂದು ಇಷ್ಟು ವರ್ಷ ಅವರಿಗೆ ಗೊತ್ತಿರಲಿಲ್ಲ.

"ನಿಮ್ಮ ಅಮ್ಮನಿಗೆ ಏನಾದ್ರೂ ನೆರವು ಬಂದಿತ್ತಾ?"

"ಬಂತಲ್ಲ, ಈ ಕಾಗದ" ಎಂದರು. "ಎಸ್ಟೇಟ್ ಗೇಟಿಗೆ ಅಂಟಿಸಿದ್ರಂತೆ. ಫೋಟೋಕ್ಕೆ ಆಗುತ್ತೆ ಅಂತ ಅವ್ವ ಕಿತ್ಕೊಂಡು ಬಂದಿದ್ಲು."

ಸಲೀಂ ಮೊಳೆ ಹೊಡೆಯುವುದನ್ನು ನಿಲ್ಲಿಸಿ ಅವರನ್ನೇ ನೋಡಿದರು.

ಏಳನೆಯದು ನನ್ನ ಸಂಗ್ರಹಕ್ಕೆ ಬರಲಿಲ್ಲ. ಬರುವುದೂ ಬೇಡ. ಆದರೆ ಆ ಗೇಟಿನ ಪೋಸ್ಟರ್ ನೋಡಿ ಜನ ಧಾರಾಳವಾಗಿಯೇ ಕೊಟ್ಟಿರಬಹುದಲ್ಲ? ಆ ಹಣ ಯಾರ ಮನೆ ತಲುಪಿತು? ನಿಮ್ಮ ಮನೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆಯಿರಿ. ಕಮಲಮ್ಮ ಇರುವಾಗಲೇ ಬರೆಯಿರಿ.