ಒಂಚೂರು ಇಳಿದ ಶ್ರುತಿ

ಪಿಯಾನೋಗಳಿಗೆ ಶ್ರುತಿ ಕೂಡಿಸುವ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಊರಲ್ಲಿ ಪಿಯಾನೋ ಇಟ್ಟುಕೊಂಡವರೆಲ್ಲ ಅವರನ್ನು ಕರೆಯುತ್ತಿದ್ದದ್ದು ‘ಒಂಚೂರು’ ಎಂದೇ. ತಂತಿ ಬಿಗಿಯುವ ಕೀಲಿಯನ್ನು ಗೂಟಕ್ಕೆ ಸಿಕ್ಕಿಸಿ, ಕಿವಿ ಓರೆ ಮಾಡಿ, “ಇನ್ನೊಂಚೂರು... ಇನ್ನೊಂಚೂರು” ಎಂದು ತಮ್ಮಷ್ಟಕ್ಕೆ ತಾವೇ ಗೊಣಗಿಕೊಳ್ಳುವುದು ಅವರ ರೂಢಿ. ಪಿಯಾನೋ ಯಜಮಾನರಿಗೆ ಸಾಕು ಸಾಕಾದ ಮೇಲೂ ಇವರಿಗೆ ಒಂದಿಷ್ಟು ಸರಿಮಾಡುವುದು ಬಾಕಿ ಇರುತ್ತಿತ್ತು. ಮನೆಯ ಫ್ರಿಜ್ಜು ಗುಂಯ್‌ಗುಟ್ಟುವುದೂ ಅವರ ಲೆಕ್ಕದಲ್ಲಿ ಅಪಸ್ವರವೇ. “ಇವರ ಜೊತೆ ಬಾಳೋದು ಅಂದ್ರೆ ಸೀನೋಕೆ ಮುಂಚೆ ಶ್ರುತಿ ಕೇಳ್ಕೋಬೇಕು” ಎಂದು ಹೆಂಡತಿ ಅಕ್ಕಪಕ್ಕದವರ ಮುಂದೆ ದೂರುತ್ತಿದ್ದರು. ದೂರಿನಲ್ಲಿ ಹೆಮ್ಮೆಯೇ ಜಾಸ್ತಿ.

ಇಂಥ ಮನುಷ್ಯ ಒಂದು ಪಾಪ್ ಹಾಡಿಗೆ ಹೆದರುತ್ತಿದ್ದರು ಎಂದರೆ ಯಾರೂ ನಂಬುವುದಿಲ್ಲ. ನಲವತ್ತೆರಡು ವರ್ಷ ಹಳೆಯ ಹಾಡು. ಬಸ್ಸಿನಲ್ಲಿ ಅದು ಶುರುವಾದರೆ ಮುಂದಿನ ನಿಲ್ದಾಣದಲ್ಲೇ ಇಳಿದುಬಿಡುವರು. ಒಮ್ಮೆಯಂತೂ ಕ್ಷೌರದಂಗಡಿಯ ರೇಡಿಯೋದಲ್ಲಿ ಬಂತೆಂದು, ಅರ್ಧ ಗಡ್ಡಕ್ಕೆ ನೊರೆ ಇರುವಾಗಲೇ, ಕೊರಳಲ್ಲಿ ಬಟ್ಟೆ ಸಮೇತ ಬೀದಿಗೆ ಬಂದು ನಿಂತಿದ್ದರು. ಹೆಂಡತಿಗೋ ಆ ಹಾಡೆಂದರೆ ಪ್ರಾಣ. ಮದುವೆಯಾದ ಹೊಸತರಲ್ಲಿ ಪಾತ್ರೆ ತೊಳೆಯುತ್ತ ಎರಡು ಸಲ ಹಾಡಿಕೊಂಡಿದ್ದರು. ಎರಡು ಸಲವೂ ಗಂಡ ಎದ್ದು ಹೊರಗೆ ಹೋದದ್ದನ್ನು ನೋಡಿ, ಇಷ್ಟು ಸೂಕ್ಷ್ಮ ಕಿವಿಯವರಿಗೆ ತನ್ನ ಗಂಟಲು ಹಿಡಿಸಲಿಲ್ಲ ಎಂದುಕೊಂಡು ಆಮೇಲೆ ಮನೆಯಲ್ಲಿ ಹಾಡಲೇ ಇಲ್ಲ. ಹಾಗಲ್ಲ ಎಂದು ಹೇಳಬೇಕಾದರೆ ಕಾರಣವನ್ನೂ ಹೇಳಬೇಕಿತ್ತು. ಅಷ್ಟು ಧೈರ್ಯ ಒಂಚೂರು ಅವರಲ್ಲಿ ಇರಲಿಲ್ಲ.

ಕಾರಣ ಇದು. ಇಪ್ಪತ್ತಾರರ ವಯಸ್ಸಿನಲ್ಲಿ ಅವರನ್ನು ಒಂದು ರೆಕಾರ್ಡಿಂಗ್ ಕೋಣೆಗೆ ಕರೆಸಿದ್ದರು. ಮುದ್ರಣಾಲಯದ ಮೇಲಿನ ಮಹಡಿ. ಸದ್ದು ಬರದಿರಲೆಂದು ಗೋಡೆಗೆಲ್ಲ ಹಳೇ ಹಾಸಿಗೆ ಬಡಿದಿದ್ದರು. ಪಿಯಾನೋ ಮುದಿಯಾಗಿತ್ತು. ಶ್ರುತಿಕವೆಯನ್ನು ಮೊಣಕಾಲಿಗೆ ತಟ್ಟಿ, ಅದರ ನಾದಕ್ಕೆ ಸಮವಾಗಿ ತಂತಿಗಳನ್ನು ಎಳೆಯುತ್ತ ಹೋದರೆ ಒಂದು ಫಟ್ಟೆಂದು ಹೋಯಿತು. ಅದನ್ನು ಬದಲಾಯಿಸುವಷ್ಟರಲ್ಲಿ ಇನ್ನೊಂದು. ಮಧ್ಯಾಹ್ನಕ್ಕೆ ಗಾಯಕಿಯೂ ವಾದ್ಯದವರೂ ಬರುವವರಿದ್ದರು. ಇನ್ನೊಂದು ತಂತಿ ಹರಿದೀತೆಂದು ಹೆದರಿ ಒಂಚೂರು ಅವರು ಇಡೀ ಪಿಯಾನೋವನ್ನೇ ತಗ್ಗಿಸಿಬಿಟ್ಟರು: ಅಕ್ಕಪಕ್ಕದ ಎರಡು ಕೀಗಳ ನಡುವೆ ಎಷ್ಟು ಅಂತರವಿದೆಯೋ, ಅದರ ಮೂರನೇ ಒಂದು ಪಾಲು. ಯಾರಿಗೂ ಹೇಳಲಿಲ್ಲ. ಗಿಟಾರಿನವರು ಪಿಯಾನೋವನ್ನೇ ನಂಬಿ ತಂತಿ ಸರಿಮಾಡಿಕೊಂಡರು. ಟ್ರಂಪೆಟ್ಟಿನವನು ಮಾತ್ರ ಕೊಳವೆಯನ್ನು ಎಷ್ಟು ಹೊರಗೆಳೆದರೂ ಸ್ವರ ಸೇರದೆ, “ಇವತ್ತು ನನ್ನ ತುಟಿಗೆ ಏನೋ ಬಡಿದಿದೆ” ಎಂದು ತನ್ನನ್ನೇ ಬೈದುಕೊಂಡ. ಮೂಲೆಯಲ್ಲಿ ನಿಂತಿದ್ದ ಒಂಚೂರು ಅವರು ಕೇಳಿಸದವರಂತೆ ಕೀಲಿ ಒರೆಸುತ್ತಿದ್ದರು.

ಹಾಡು ಮನೆಮಾತಾಯಿತು. ಶ್ರುತಿ ಇಳಿದಿದೆ ಎಂದು ಯಾರೂ ದೂರಲಿಲ್ಲ. ಆದರೆ ಊರೂರಿನ ರೇಡಿಯೋಗಳೆಲ್ಲ ಸೇರಿ ತಮ್ಮ ಪುಕ್ಕಲುತನವನ್ನು ಡಂಗುರ ಸಾರುತ್ತಿವೆ ಎಂದೇ ಅವರಿಗೆ ಕೇಳುತ್ತಿತ್ತು.

ಅರವತ್ತೆಂಟನೇ ವಯಸ್ಸಿನಲ್ಲಿ ಒಂದು ಸಿನಿಮಾ ಸ್ಟುಡಿಯೋದಿಂದ ಕರೆ ಬಂತು. ದೊಡ್ಡ ಹಜಾರ, ನಲವತ್ತು ಕುರ್ಚಿ, ಎದುರಿಗೆ ಪರದೆ. ಸಂಗೀತ ನಿರ್ದೇಶಕಿ ಮೂವತ್ತು ದಾಟಿದ ಹೆಂಗಸು. ಪೆನ್ಸಿಲ್ಲನ್ನು ತುರುಬಿಗೆ ಸಿಕ್ಕಿಸಿ, ಅದನ್ನೇ ಕೋಣೆಯೆಲ್ಲ ಹುಡುಕುತ್ತಿದ್ದಳು.

“ಕಥೆ ನಲವತ್ತು ವರ್ಷದ ಹಿಂದಿಂದು ಸರ್. ಅಂಗಡಿ, ಬಸ್ಸು, ರೇಡಿಯೋ ಎಲ್ಲಾದ್ರಲ್ಲೂ ಆ ಕಾಲದ ಪಾಪ್ ಹಾಡುಗಳೇ ಬರುತ್ವೆ. ಜನರ ಮನಸ್ಸಲ್ಲಿ ಇರೋದನ್ನ ಮಾತ್ರ ನಾನು ಬರೆದಿರೋ ಹೊಸ ಸಂಗೀತ ಹೇಳುತ್ತೆ. ಕೊನೇ ದೃಶ್ಯದಲ್ಲಿ ಎರಡೂ ಸೇರ್ಬೇಕು. ಆದ್ರೆ ಈ ಹಾಡು ಯಾಕೋ ಇಳಿದಿದೆ, ಸೇರ್ತಾನೇ ಇಲ್ಲ” ಎಂದು ಗುಂಡಿ ಒತ್ತಿದಳು.

ಅದೇ ಹಾಡು. ಒಂಚೂರು ಅವರು ಅಭ್ಯಾಸಬಲದಿಂದ ಬಾಗಿಲು ಎಲ್ಲಿದೆ ಎಂದು ನೋಡಿದರು.

“ಎರಡು ದಾರಿ ಇದೆ,” ಎಂದಳು ಆಕೆ. “ಹಾಡನ್ನ ಕಂಪ್ಯೂಟರಲ್ಲಿ ಏರಿಸಿ ಸರಿಮಾಡೋದು. ಇಲ್ಲಾ, ಪಿಯಾನೋ ಜೊತೆ ನಲವತ್ತು ಜನರ ವಾದ್ಯಾನೂ ಇಳಿಸೋದು. ನಿರ್ಮಾಪಕರು ಏರಿಸಿಬಿಡಿ ಅಂತಿದಾರೆ. ನಿಮ್ಮ ಕಿವಿ ಏನನ್ನುತ್ತೆ ಸರ್?”

ಒಂದು ‘ಹೂಂ’ ಅಂದರೆ ಮುಗಿದಿತ್ತು. ಇಷ್ಟು ವರ್ಷ ಬೆನ್ನು ಬಿಡದ ತಪ್ಪು ಯಾರಿಗೂ ತಿಳಿಯದಂತೆ ಅಳಿಸಿಹೋಗುತ್ತಿತ್ತು, ಅದೂ ತಜ್ಞರ ಕೈಯಲ್ಲೇ. ಅವರಿಗೆ ಆಸೆಯಾಯಿತು. ಸುಳ್ಳು ಯಾಕೆ ಹೇಳಬೇಕು, ಬಹಳ ಆಸೆಯಾಯಿತು.

“ಏರಿಸಿದ್ದು ಕೇಳಿಸಮ್ಮ” ಎಂದರು.

ಕೇಳಿಸಿದಳು. ಶ್ರುತಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಗಾಯಕಿ ಯಾಕೋ ತುದಿಗಾಲ ಮೇಲೆ ನಿಂತು ಹಾಡುತ್ತಿದ್ದಂತಿತ್ತು. ಹಳೆಯದನ್ನು ಮತ್ತೆ ಕೇಳಿಸಲು ಹೇಳಿ, ಜೀವಮಾನದಲ್ಲಿ ಮೊದಲ ಸಲ, ಕೂತು, ಪೂರ್ತಿ ಕೇಳಿದರು. ತಗ್ಗಿದ ಪಿಯಾನೋದ ಮೇಲೆ ಆ ದನಿ ಕೆಲಸ ಮುಗಿಸಿ ಬಂದವರ ಹಾಗೆ ಆರಾಮಾಗಿ ಒರಗಿಕೊಂಡಿತ್ತು. ಕೆಳಗೆ ಇಳಿಯಲಾರದೆ ಇಳಿಯುತ್ತಿದ್ದ ಟ್ರಂಪೆಟ್ಟಿನಲ್ಲಿ ಏನೋ ಸಂಕಟವಿತ್ತು, ಆ ಸಂಕಟದಿಂದಲೇ ಹಾಡು ಕರುಳು ಹಿಂಡುತ್ತಿತ್ತು.

“ಅಯ್ಯೋ, ಇದು ಇಷ್ಟು ಚೆನ್ನಾಗಿತ್ತಾ!” ಎಂದುಬಿಟ್ಟರು. ಆಮೇಲೆ, “ಏರಿಸಬೇಡಿ. ಇದನ್ನ ಇಳಿಸಿದ್ದು ನಾನೇ. ಹೆದರಿ ಇಳಿಸಿದೆ” ಎಂದು ಎಲ್ಲವನ್ನೂ ಹೇಳಿದರು.

ಆಕೆ ಕಣ್ಣರಳಿಸಿ ಕೂತಳು. “ಹಾಗಾದ್ರೆ ಸರಿಯಾಗಿ ಅಷ್ಟೇ ಇಳಿಸೋಕೆ ನಿಮ್ಮನ್ನ ಬಿಟ್ಟು ಯಾರಿದಾರೆ? ನಿರ್ಮಾಪಕರಿಗೆ ನಾನು ಹೇಳ್ಕೋತೀನಿ. ನೀವು ಶುರುಮಾಡಿ.”

ಒಂಚೂರು ಅವರು ಶ್ರುತಿಕವೆಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಹಾಡನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು, ದಿನವಿಡೀ ಒಂದೊಂದೇ ತಂತಿಯನ್ನು ಇಳಿಸಿದರು. ಮರುದಿನ ವಾದ್ಯದವರು ಬಂದರು. ಪಿಟೀಲಿನವರು ಮುಖ ಗಂಟಿಕ್ಕಿಕೊಂಡು ತಂತಿ ಸಡಿಲಿಸಿದರು. ಊದುವ ವಾದ್ಯದವರು ಕೊಳವೆ ಎಳೆಯುತ್ತ, “ಯಾರ ಕರ್ಮವೋ ಇದು” ಎಂದು ಗೊಣಗಿದರು. ಕರ್ಮದ ಯಜಮಾನರು ಪಿಯಾನೋ ಹಿಂದಿನ ಸ್ಟೂಲಿನಲ್ಲೇ ಕೂತಿದ್ದರು.

ಪರದೆಯ ಮೇಲೆ ಒಬ್ಬ ಹೆಂಗಸು ಬಾಡಿಗೆ ಮನೆ ಖಾಲಿ ಮಾಡುತ್ತಿದ್ದಳು. ಕಿಟಕಿಯ ರೇಡಿಯೋದಲ್ಲಿ ಆ ಹಾಡು, ತಗಡು ತಟ್ಟಿದಂಥ ದನಿಯಲ್ಲಿ. ಅವಳು ಪ್ಲಗ್ ಕಿತ್ತಳು. ಹಾಡು ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಗಾಯಕಿ ಬಿಟ್ಟ ಸ್ವರವನ್ನು ಹಜಾರದಲ್ಲಿದ್ದ ಚೆಲ್ಲೋಗಳು, ಮಂದ್ರ ದನಿಯ ಆ ದೊಡ್ಡ ಪಿಟೀಲುಗಳು, ಹಿಡಿದುಕೊಂಡವು. ಎಲ್ಲಿ ಆ ದನಿ ಮುಗಿದು ಎಲ್ಲಿ ಇವು ಶುರುವಾದವೋ ಒಂಚೂರು ಅವರ ಕಿವಿಗೂ ತಿಳಿಯಲಿಲ್ಲ. ಪಿಟೀಲುಗಳು ಸೇರಿದವು, ಪಿಯಾನೋ ಸೇರಿತು. ಅವಳು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು. ರೇಡಿಯೋದೊಳಗೆ ಮುದುಡಿದ್ದ ಹಾಡು ಈಗ ಹಜಾರದ ಸೂರಿನವರೆಗೂ ತುಂಬಿಕೊಂಡಿತ್ತು. ಇಷ್ಟು ಜನ ಕಲಿತವರು ತಮ್ಮ ತಮ್ಮ ಸರಿಯನ್ನು ಬಿಟ್ಟು, ಹಿಂದೊಮ್ಮೆ ಬೆವರುತ್ತ ನಿಂತಿದ್ದ ಒಬ್ಬನ ಅಳತೆಗೆ ಇಳಿದು ಬಂದಿದ್ದರು. ಅಲ್ಲಿಂದ ಎದ್ದದ್ದು ಇಂಥ ನಾದ! ಒಂಚೂರು ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮನೆಗೆ ಹೋಗಿ ಹೆಂಡತಿಗೆ ಹೇಳಬೇಕು ಅಂದುಕೊಂಡರು. ಹೋದ ಮೇಲೆ ಬಾಯಿ ಬರಲಿಲ್ಲ.

ಸಿನಿಮಾ ತೆರೆಕಂಡಾಗ ಇಬ್ಬರೂ ಮ್ಯಾಟಿನಿಗೆ ಹೋದರು. ಕೊನೆಯ ದೃಶ್ಯ ಬಂತು, ರೇಡಿಯೋದಲ್ಲಿ ಹಾಡು ಶುರುವಾಯಿತು. ಹೆಂಡತಿ ಪರದೆಯಿಂದ ಕಣ್ಣು ತೆಗೆಯದೆ, ಗಂಡ ಎದ್ದು ಹೋಗಲು ದಾರಿಯಾಗಲೆಂದು, ಮೊಣಕಾಲುಗಳನ್ನು ಪಕ್ಕಕ್ಕೆ ಸರಿಸಿ ಕೂತರು.

ಅದನ್ನು ಕಂಡು ಒಂಚೂರು ಅವರಿಗೆ ತಡೆದುಕೊಳ್ಳಲಾಗಲಿಲ್ಲ.

“ಹೋಗಲ್ಲ ಕಣೇ,” ಎಂದು ಹೆಂಡತಿಯ ಕಿವಿಯ ಹತ್ತಿರ ಬಗ್ಗಿದರು. “ಈ ಹಾಡಿನ ಪಿಯಾನೋಗೆ ಶ್ರುತಿ ಕೂಡಿಸಿದ್ದು ನಾನು. ತಪ್ಪು ಕೂಡಿಸಿದ್ದೆ, ಅದಕ್ಕೇ ಓಡಿಹೋಗ್ತಿದ್ದೆ. ನಿನ್ನ ಗಂಟಲಿಗೆ ಏನೂ ಆಗಿರಲಿಲ್ಲ.”

ಹೆಂಡತಿ ತಿರುಗಿ ನೋಡಿದರು. ಪರದೆಯ ಮೇಲೆ ಪ್ಲಗ್ ಕಿತ್ತಾಯಿತು, ಚೆಲ್ಲೋಗಳು ಸ್ವರ ಹಿಡಿದಾಯಿತು.

“ಮನೆಗೆ ಬನ್ನಿ, ಇದೆ ನಿಮಗೆ,” ಎಂದು ಅವರು ಮೊಣಕಾಲುಗಳನ್ನು ಮತ್ತೆ ಮುಂದಕ್ಕೆ ತಿರುಗಿಸಿಕೊಂಡರು. “ಈಗ ಸುಮ್ನಿರಿ. ನಾನು ಕೇಳ್ಬೇಕು.”