ಲವ್ ಹದಿನೈದು

ನಮ್ಮ ಕಡೆ ಟಿವಿ ಇದ್ದ ಮನೆಗೆ ಯಜಮಾನನ ಹೆಸರು ಹೋಗಿ ‘ಟಿವಿ ಮನೆ’ ಅನ್ನುವ ಹೆಸರು ಬರುತ್ತಿದ್ದ ದಿನಗಳವು. ಎಂಬತ್ತರ ದಶಕದ ನಡುಭಾಗ. ನಂಜನಗೂಡಿನ ನಮ್ಮ ಬೀದಿಯಲ್ಲಿ ಒಂದೂ ಟಿವಿ ಇರಲಿಲ್ಲ. ನಮ್ಮಪ್ಪ ಪ್ರೈಮರಿ ಶಾಲೆ ಮೇಷ್ಟ್ರು. ಮನೆಯಲ್ಲಿ ಒಂದು ರೇಡಿಯೋ ಇತ್ತು, ಅದೂ ತಲೆಗೆ ಎರಡು ತಟ್ಟಿದರೆ ಮಾತ್ರ ಮಾತಾಡುತ್ತಿತ್ತು. ಟಿವಿ ಇದ್ದದ್ದು ತಿ. ನರಸೀಪುರದ ದೊಡ್ಡಪ್ಪನ ಮನೆಯಲ್ಲಿ. ದೊಡ್ಡಪ್ಪನಿಗೆ ಅಕ್ಕಿ ಗಿರಣಿ ಇತ್ತು, ಸ್ಕೂಟರ್ ಇತ್ತು, ಪ್ರಭಾ ಎನ್ನುವ ಒಬ್ಬಳೇ ಮಗಳಿದ್ದಳು. ದೇವರು ಕೊಡುತ್ತಾ ಬಂದಾಗ ನಮ್ಮ ಮನೆ ಬಾಗಿಲು ಹಾಕಿತ್ತೋ ಏನೋ ಎಂದು ನಾನು ಯೋಚಿಸುತ್ತಿದ್ದೆ.

ಪ್ರಭಾ ನನಗಿಂತ ಹತ್ತು ತಿಂಗಳು ದೊಡ್ಡವಳು. “ಅಕ್ಕ ಅನ್ನೇ, ಬಾಯಿ ಸವ್ದೋಗಲ್ಲ” ಎಂದು ಅಮ್ಮ ಗದರುತ್ತಿದ್ದಳು. ಹತ್ತು ತಿಂಗಳಿಗೆಲ್ಲ ಯಾರಾದರೂ ಅಕ್ಕ ಅಂತಾರೆಯೇ? ನಾನು ಅನ್ನಲಿಲ್ಲ.

ಟೆನಿಸ್ ನಮ್ಮ ಬಾಳಿಗೆ ಬಂದದ್ದು ಒಂದು ಜುಲೈ ತಿಂಗಳ ಶನಿವಾರ. ಪ್ರಭಾಳ ಸೋದರಮಾವ ಮೈಸೂರಿನ ಒಂದು ಕ್ಲಬ್ಬಿನಲ್ಲಿ ಗುಮಾಸ್ತರು. ಅವರು ಬಂದು ಟಿವಿ ಹಾಕಿಸಿದರು. ದೂರದ ಯಾವುದೋ ದೇಶದ ಹುಲ್ಲಿನ ಅಂಗಳ, ಬಿಳಿ ಲಂಗ ತೊಟ್ಟ ಇಬ್ಬರು ಹೆಂಗಸರು, ಫೈನಲ್. ಒಬ್ಬಳು ತಲೆಗೆ ಪಟ್ಟಿ ಕಟ್ಟಿದ್ದಳು, ಇನ್ನೊಬ್ಬಳಿಗೆ ಕುದುರೆ ಜುಟ್ಟು. ನನಗೆ ಪಟ್ಟಿಯವಳು ಬೇಕೆನಿಸಿತು; ಅಷ್ಟರಲ್ಲಿ ಪ್ರಭಾ “ಪಟ್ಟಿಯವಳು ನಂಗೆ” ಅಂದುಬಿಟ್ಟಳು. ಗೆದ್ದದ್ದೂ ಪಟ್ಟಿಯವಳೇ.

ಕಾಫಿ ತಂದ ದೊಡ್ಡಮ್ಮ ಒಂದು ಗಳಿಗೆ ನಿಂತು ನೋಡಿ, “ಇವ್ರಿಗೆ ಮನೆ ಮಠ ಇಲ್ವೇನೋ ತಮ್ಮಾ?” ಎಂದು ಕೇಳಿದರು.

“ಇದೇ ಅವ್ರ ಕೆಲ್ಸ ಕಣಕ್ಕ. ದೇಶ ದೇಶ ಸುತ್ಕಂಡು ಆಡ್ತಾರೆ. ನಿನ್ ಗಂಡಂಗೆ ಗಿರಣಿ ಹೆಂಗೋ, ಅವ್ರಿಗೆ ಇದು ಹಂಗೆ” ಅಂದರು ಮಾವ. ದೊಡ್ಡಮ್ಮ “ಅಯ್ ಶಿವ್ನೇ” ಎಂದು ಒಳಗೆ ಹೋದರು. ನಾವಿಬ್ಬರು ಮಾತ್ರ ಕಣ್ಣು ಮಿಟುಕಿಸದೆ ಕೂತಿದ್ದೆವು. ಚೆಂಡು ಹೊಡೆಯುವುದೂ ಒಂದು ಉದ್ಯೋಗವೇ, ಅದೂ ಹೆಂಗಸರಿಗೆ!

ಆ ಅಂಪೈರು ಮಾತು ಮಾತಿಗೆ ‘ಲವ್, ಲವ್’ ಅನ್ನುತ್ತಿದ್ದ. ನಮಗೆ ನಾಚಿಕೆಯಾಗಿ ಲಂಗ ಬಾಯಿಗೆ ಒತ್ತಿಕೊಂಡು ನಕ್ಕೆವು. ಮಾವ ಹೇಳಿದರು: “ಥೂ ಕತ್ತೆಗಳಾ, ಟೆನಿಸ್ಸಲ್ಲಿ ಲವ್ ಅಂದ್ರೆ ಸೊನ್ನೆ. ಲವ್ ಹದಿನೈದು ಅಂದ್ರೆ, ಸರ್ವೀಸ್ ಮಾಡೋಳ್ದು ಸೊನ್ನೆ, ಎದುರಿನೋಳ್ದು ಹದಿನೈದು.” ಅಂದಿನಿಂದ ಅದು ನಮ್ಮ ಗುಟ್ಟಿನ ಮಾತಾಯಿತು. ಲೆಕ್ಕದ ಪರೀಕ್ಷೆಯಲ್ಲಿ ಲವ್. ಸಾರಿಗೆ ಉಪ್ಪು ಲವ್. ಹೊಸ ಟೀಚರ ತಲೆಯಲ್ಲಿ ಕೂದಲು ಲವ್. ದೊಡ್ಡವರ ಎದುರು ಆ ಪದ ಬಾಯಿಗೆ ಬಂದರೆ ಮಾತ್ರ ನಾಲಿಗೆ ಕಚ್ಚಿಕೊಳ್ಳುತ್ತಿದ್ದೆವು.

ಗಿರಣಿಯ ಹಿಂದೆ ಭತ್ತ ಒಣಗಿಸುವ ಸಿಮೆಂಟ್ ಕಣ ಇತ್ತು. ಅದೇ ನಮ್ಮ ಅಂಗಳ. ಗೋಣಿಚೀಲಗಳನ್ನು ಹಗ್ಗಕ್ಕೆ ಹೊಲಿದು ಅಡ್ಡ ಕಟ್ಟಿದರೆ ನೆಟ್ಟು. ಹೊಟ್ಟು ಸುಟ್ಟ ಬೂದಿಯಲ್ಲಿ ಎಳೆದರೆ ಗೆರೆ. ಬಡಗಿ ಕೊಯ್ದುಕೊಟ್ಟ ಎರಡು ಹಲಗೆ, ಮಾವ ಕ್ಲಬ್ಬಿನಿಂದ ತಂದ ಬೋಳು ಚೆಂಡು. ತೌಡಿನ ವಾಸನೆ ಮೂಗಿಗೆ ಹತ್ತಿ ಸೀನುತ್ತಾ, ಬರಿಗಾಲಲ್ಲಿ ಓಡುತ್ತಾ ಆಡುತ್ತಿದ್ದೆವು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಅಮ್ಮ ಕೊಟ್ಟ ರಸಬಾಳೆ ಚಿಪ್ಪು ಹಿಡಿದು ನಾನು ನರಸೀಪುರದ ಬಸ್ಸು ಹತ್ತುತ್ತಿದ್ದೆ, ಭಾನುವಾರ ಸಂಜೆ ವಾಪಸ್ಸು. ಹಲಗೆಯ ಕಾಲದಲ್ಲಿ ನಾವಿಬ್ಬರೂ ಸಮಸಮ. ನಿಜ ಹೇಳಬೇಕೆಂದರೆ ನಾನೇ ಒಂದು ಕೈ ಮೇಲು.

ಮಾವ ಪ್ರಭಾಳಿಗೆ ನಿಜವಾದ ರ‍್ಯಾಕೆಟ್ ತಂದುಕೊಟ್ಟ ಮೇಲೆ ಎಲ್ಲ ಕೆಟ್ಟಿತು. ಕ್ಲಬ್ಬಿನ ಯಾರೋ ಬಿಟ್ಟದ್ದು, ಮರದ್ದು, ಹಿಡಿಗೆ ಚರ್ಮ ಸುತ್ತಿತ್ತು. ಅವಳದನ್ನು ಮಲಗುವಾಗಲೂ ಪಕ್ಕದಲ್ಲಿ ಇಟ್ಟುಕೊಳ್ಳುತ್ತಿದ್ದಳು. ನಾನು ಒಮ್ಮೆ ಆ ಚರ್ಮ ಮೂಸಿ ನೋಡಿದೆ. ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಾಯಿತು. ಆವತ್ತಿನಿಂದ ಸೋಲು ಶುರು. ಸೋತಾಗಲೆಲ್ಲ ನನ್ನದೊಂದೇ ಪಲ್ಲವಿ: “ಗೆದ್ದಿದ್ದು ನೀನಲ್ಲ, ನಿನ್ ರ‍್ಯಾಕೆಟ್ಟು.”

ಮಾರನೇ ವರ್ಷದ ಜುಲೈ. ಮತ್ತೆ ಹೆಂಗಸರ ಫೈನಲ್, ಮತ್ತೆ ಶನಿವಾರ. ನಾನು ಹೋಗುವಷ್ಟರಲ್ಲಿ ದೊಡ್ಡಮ್ಮ ನುಚ್ಚಿನುಂಡೆ ಬೇಯಿಸಿ ಮಜ್ಜಿಗೆಹುಳಿ ಕುದಿಸುತ್ತಿದ್ದರು. ನನ್ನ ತಟ್ಟೆಗೆ ನಾಲ್ಕನೇ ಉಂಡೆ ಹಾಕುತ್ತಾ ಅಂದರು: “ಗೊತ್ತಾಯ್ತಾ ಗೌರಿ? ನಾಳೆ ಬಿಟ್ಟು ಮುಂದಿನ ಭಾನುವಾರದಿಂದ ಪ್ರಭಂಗೆ ಮೈಸೂರಲ್ಲಿ ಆಟ ಕಲಿಸ್ತಾರಂತೆ. ನಮ್ ತಮ್ಮನೇ ಗೊತ್ತು ಮಾಡವ್ನೆ. ನಾಳೆ ಬಂದು ಮಾತಾಡ್ತಾನೆ. ನಿಮ್ ದೊಡ್ಡಪ್ಪನೂ ಹೂಂ ಅಂದವ್ರೆ!”

ನಾನು ಉಂಡೆಯನ್ನು ತಟ್ಟೆಯಲ್ಲೇ ಪುಡಿ ಮಾಡುತ್ತಾ ಕೂತೆ. ಅವಳಿಗೆ ಸೋದರಮಾವ ಇದ್ದ, ಕ್ಲಬ್ಬಿನಲ್ಲಿದ್ದ. ನನಗೂ ಒಬ್ಬ ಸೋದರಮಾವ ಇದ್ದ, ಬದನವಾಳಿನಲ್ಲಿ ಖಾದಿ ನೇಯುತ್ತಿದ್ದ. ಅವನಿಂದ ನನಗೆ ಸಿಗುತ್ತಿದ್ದದ್ದು ವರ್ಷಕ್ಕೊಂದು ಟವಲು.

ಕಣಕ್ಕೆ ಇಳಿದ ಕೂಡಲೇ ನಾನು ಸಿಡುಕಿದೆ. “ರ‍್ಯಾಕೆಟ್ ಇದ್ರೆ ಯಾರ್ ಬೇಕಾದ್ರೂ ಮೈಸೂರಿಗೆ ಹೋಗ್ಬೋದು ಬಿಡು.”

ಪ್ರಭಾ ರ‍್ಯಾಕೆಟ್ಟನ್ನು ನನ್ನ ಕೈಗೆ ಕೊಟ್ಟು ಹಲಗೆ ಎತ್ತಿಕೊಂಡಳು. “ತಗೋ. ಇವತ್ತು ನೀನು ಇದ್ರಲ್ಲಿ ಆಡು.”

ಆಡಿದೆ. ಅಯ್ಯೋ, ಹೇಗೆ ಆಡಿದೆ! ಪ್ರಾಣ ಪಣಕ್ಕಿಟ್ಟು ಆಡಿದೆ. ಮೊದಲು ಆರು ಗೇಮು ಗೆದ್ದವರಿಗೆ ಆಟ; ನಾಲ್ಕು-ನಾಲ್ಕರವರೆಗೂ ಬಂದೆವು. ಒಂಬತ್ತನೇ ಗೇಮು, ನನ್ನ ಸರ್ವೀಸು. ಅವಳು ಹಲಗೆಯಲ್ಲಿ ಹೊಡೆದ ಒಂದೊಂದು ಚೆಂಡೂ ಬೂದಿ ಗೆರೆ ಸವರಿಕೊಂಡು ಹೋಯಿತು. ನಾನು ಒಂದೇ ಒಂದು ಪಾಯಿಂಟೂ ತೆಗೆಯಲಿಲ್ಲ. ಪ್ರಭಾ ಕಟ್ಟೆಯ ಮೇಲಿದ್ದ ಸ್ಕೋರಿನ ನೋಟ್‌ಬುಕ್ ತೆರೆದು ದುಂಡು ಅಕ್ಷರಗಳಲ್ಲಿ ಒಂದರ ಕೆಳಗೊಂದು ಬರೆದಳು: ಲವ್ 15. ಲವ್ 30. ಲವ್ 40. ಗೇಮ್ ಪ್ರಭಾ.

“ಐದು-ನಾಕು ಕಣೇ. ಟಿವಿ ಟೈಮಾಯ್ತು, ಉಳಿದದ್ದು ನಾಳೆ ಆಡೋಣ” ಎಂದಳು. ಗೆದ್ದೆನೆಂದು ಮೆರೆದಿದ್ದರೆ ನನಗೆ ಬೈಯಲು ಒಂದು ದಾರಿಯಾದರೂ ಇರುತ್ತಿತ್ತು. ಅವಳು ಮೆರೆಯಲೂ ಇಲ್ಲ.

ದೊಡ್ಡಪ್ಪನ ನಡುಮನೆಯಲ್ಲಿ ಆಗಲೇ ಅರ್ಧ ಬೀದಿ ಬಂದು ಕೂತಿತ್ತು. ಟಿವಿ ಹಾಕಿದರು ಅಂದರೆ ಏನು ಅಂತಲೂ ಕೇಳದೆ ಬಂದು ಕೂರುವ ಕಾಲ ಅದು. ಎದುರುಮನೆಯ ಪುಟ್ಟತಾಯಮ್ಮ ಮೊದಲ ಸಾಲಿನಲ್ಲಿದ್ದರು. ಅವರ ಕಿವಿಗೆ ಬಿದ್ದ ಮಾತು ಹೊಳೆ ದಾಟದೆ ಇದ್ದದ್ದೇ ಇಲ್ಲ. ಆಟಗಾರ್ತಿಯರು ಕೈ ಪಳಗಿಸಿಕೊಳ್ಳಲು ಚೆಂಡು ತಟ್ಟುತ್ತಿದ್ದರು, ಆಟ ಇನ್ನೂ ಶುರುವಾಗಿರಲಿಲ್ಲ. ಕರೆಂಟ್ ಹೋಯಿತು.

ದೊಡ್ಡಮ್ಮ ಲಾಟೀನು ತಂದಿಟ್ಟರು. ಸೊಳ್ಳೆ ಕಾಟ. ದೊಡ್ಡಪ್ಪ ಬೀಸಿಕೊಳ್ಳಲು ಪ್ರಭಾ ಒಳಗೆ ತಂದಿಟ್ಟಿದ್ದ ಸ್ಕೋರಿನ ನೋಟ್‌ಬುಕ್ ತೆಗೆದುಕೊಂಡರು. ಬೀಸುತ್ತಾ ಬೀಸುತ್ತಾ ಹಾಳೆ ಮಗುಚಿತು. ಅವರು ಬೀಸುವುದನ್ನು ನಿಲ್ಲಿಸಿ ಲಾಟೀನಿನ ಹತ್ತಿರ ಬಗ್ಗಿದರು.

“ಏನಮ್ಮಿ ಇದು? ಲವ್ವು ಹದಿನೈದು, ಲವ್ವು ಮೂವತ್ತು... ತಾರೀಕು ಹಾಕಿ ಬೇರೆ ಬರ್ದಿದ್ದೀಯಾ! ಯಾವನೇ ಇವ್ನು ಲವ? ಇವನ ತಮ್ಮ ಕುಶ ಎಲ್ಲವ್ನೆ?”

ಯಾರೋ ಕಿಸಕ್ಕನೆ ನಕ್ಕರು. ಪುಟ್ಟತಾಯಮ್ಮ ಮಾತ್ರ ನಗಲಿಲ್ಲ, ಮುಂದಕ್ಕೆ ಸರಿದು ಕೂತರು.

“ಅಪ್ಪಾ, ಅದು ಆಟದ ಸ್ಕೋರು. ಲವ್ ಅಂದ್ರೆ ಸೊನ್ನೆ” ಅಂದಳು ಪ್ರಭಾ.

“ಲವ್ವು ಅಂದ್ರೆ ಸೊನ್ನೆಯಾ? ಯಾವ ಇಸ್ಕೂಲಲ್ಲಿ ಹೇಳ್ಕೊಟ್ರು? ನನ್ ಕಿವಿಗೇ ಹೂ ಮುಡಿಸ್ತೀಯಾ? ಮತ್ತೆ ಇದೇನು, ಗೇಮು ಪ್ರಭಾ? ಏನ್ ಗೇಮು ಆಡ್ತಿದ್ದೀಯಾ ನೀನು?”

ನಲವತ್ತು ಅನ್ನುವ ತಾರೀಕು ಯಾವ ತಿಂಗಳಲ್ಲೂ ಬರುವುದಿಲ್ಲ ಎಂದು ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೆ ಹೊಳೆಯಿತು.

“ಗೌರಿನೇ ಕೇಳಪ್ಪಾ. ಅವ್ಳಿಗೂ ಗೊತ್ತು” ಎಂದು ಪ್ರಭಾ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಭಯವೇ ಇರಲಿಲ್ಲ. ನಾನು ಹೇಳುತ್ತೇನೆ, ಎಲ್ಲರೂ ನಗುತ್ತಾರೆ, ಮುಗಿಯಿತು ಅನ್ನುವ ನೆಮ್ಮದಿ ಇತ್ತು.

ದೊಡ್ಡಪ್ಪ ಕರೆದರು: “ಬಾ ಕೂಸೇ. ನೀನು ಸುಳ್ಳು ಹೇಳೋಳಲ್ಲ. ಇದು ಆಟದ ಲೆಕ್ಕವಾ?”

ಹೌದು ಅನ್ನಬೇಕಿತ್ತು, ಅಷ್ಟೇ. ಆದರೆ ಹೌದು ಅಂದರೆ ಮುಂದಿನ ಪ್ರಶ್ನೆ ಬರುತ್ತಿತ್ತು: ಸೊನ್ನೆ ಯಾರದು? ನನ್ನದು. ರ‍್ಯಾಕೆಟ್ ಹಿಡಿದೂ ಹಲಗೆಯ ಎದುರು ಸೊನ್ನೆ. ಮುಂದಿನ ಭಾನುವಾರ ಅವಳು ಮೈಸೂರಿಗೆ, ನಾನು ನಂಜನಗೂಡಿಗೆ.

“ನಂಗೇನೂ ಗೊತ್ತಿಲ್ಲ ದೊಡ್ಡಪ್ಪ” ಅಂದೆ.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಆಡದೆ ನುಂಗಿದ ಮಾತಿನಿಂದಲೂ ಮುತ್ತು ಒಡೆಯುತ್ತದೆ ಎಂದು ನನಗೆ ಹದಿಮೂರಕ್ಕೇ ತಿಳಿಯಿತು. ಪ್ರಭಾ ಅಳಲಿಲ್ಲ, ನನ್ನನ್ನೇ ನೋಡುತ್ತಾ ನಿಂತಳು. ಪುಟ್ಟತಾಯಮ್ಮ “ಬರ್ತೀನಿ ಕಣವ್ವ, ಒಲೆ ಮೇಲೆ ಹಾಲಿಟ್ಟಿದ್ದೆ” ಎಂದು ಎದ್ದರು. ಕರೆಂಟ್ ಬಂದಾಗ ಟಿವಿಯಲ್ಲಿ ವಾರ್ತೆ ಓದುತ್ತಿದ್ದರು. ಯಾರು ಗೆದ್ದರೆಂದು ನಾವು ಕೇಳಲಿಲ್ಲ.

ಮಾರನೇ ದಿನ ಮಾವ ಬಂದು ತಲೆ ಚಚ್ಚಿಕೊಂಡು ವಿವರಿಸಿದರು. ದೊಡ್ಡಪ್ಪನಿಗೆ ಅರ್ಥವಾಯಿತು, ಆದರೆ ಹೊತ್ತು ಮೀರಿತ್ತು. “ಸೊನ್ನೆಯೋ ಗಿನ್ನೆಯೋ, ಊರ ಬಾಯಿಗೆ ಬಿದ್ದಾಯ್ತು. ಈಗ ಮೈಸೂರಿಗೆ ಕಳಿಸಿದ್ರೆ ಅವ್ನನ್ನ ನೋಡೋಕೇ ಹೋದ್ಲು ಅಂತಾರೆ. ಆಟ ಗೀಟ ಸಾಕು” ಅಂದರು. ಕಣದ ಗೋಣಿಚೀಲಗಳನ್ನು ಅವತ್ತೇ ಬಿಚ್ಚಿಸಿದರು.

ನಾನು ಬಸ್ಸಿಗೆ ಹೊರಟಾಗ ದೊಡ್ಡಮ್ಮ ಆ ರ‍್ಯಾಕೆಟ್ ತಂದು ನನ್ನ ಕೈಗಿಟ್ಟರು. “ಇಲ್ಲಿದ್ರೆ ಅವ್ಳು ಅದನ್ನೇ ನೋಡ್ತಾ ಕೂತ್ಕತಾಳೆ. ತಗಂಡೋಗವ್ವ.” ನಾನು ತೆಗೆದುಕೊಂಡು ಬಸ್ಸು ಹತ್ತಿದೆ. ಬೇಕಾಗಿದ್ದದ್ದು ಸಿಕ್ಕಿತ್ತಲ್ಲ! ನಂಜನಗೂಡಿನಲ್ಲಿ ಅಪ್ಪನ ಶಾಲೆಯ ಗೋಡೆಗೆ ಒಂದಿಷ್ಟು ದಿನ ಚೆಂಡು ಹೊಡೆದೆ. ಗೋಡೆ ಹೊಡೆದದ್ದನ್ನು ಹಾಗೇ ವಾಪಸ್ಸು ಕೊಡುತ್ತದೆ; ಗೆರೆ ಸವರಿಕೊಂಡು ಹೋಗುವ ಹಾಗೆ ಅದಕ್ಕೆ ಹೊಡೆಯಲು ಬರುವುದಿಲ್ಲ. ಸಿಂಗಲ್ಸ್ ಅಂದರೂ ಇಬ್ಬರು ಬೇಕು. ಶನಿವಾರ ಬಂದರೆ ನನಗೆ ತಲೆನೋವು ಬರುತ್ತಿತ್ತು, ಪರೀಕ್ಷೆ ಬರುತ್ತಿತ್ತು, ಬಸ್ಸು ತಪ್ಪುತ್ತಿತ್ತು. ಆಮೇಲೆ ನೆಪ ಹುಡುಕುವುದೂ ಬೇಕಾಗಲಿಲ್ಲ. ಪಿಯುಸಿ ಮುಗಿದ ಕೂಡಲೇ ಅವಳಿಗೆ ಮದುವೆಯಾಯಿತು.

ಈಗ ಆ ಕಣದ ಜಾಗದಲ್ಲಿ ಕಲ್ಯಾಣ ಮಂಟಪ ಇದೆ. ಹೋದ ವರ್ಷ ನೆಂಟರ ಮದುವೆಗೆ ಹೋದಾಗ ಊಟದ ಸಾಲಿನಲ್ಲಿ ಪ್ರಭಾ ಪಕ್ಕದಲ್ಲೇ ಕೂತಳು. ಇಬ್ಬರಿಗೂ ಮಂಡಿ ನೋವು. ಇಷ್ಟು ವರ್ಷವೂ ಸಿಕ್ಕಾಗಲೆಲ್ಲ ಸೀರೆ, ಸೊಸೆ, ಸಕ್ಕರೆ ಕಾಯಿಲೆ ಎಲ್ಲ ಮಾತಾಡಿದ್ದೇವೆ, ಅದೊಂದನ್ನು ಬಿಟ್ಟು. ಅವತ್ತು ಯಾಕೋ ತಡೆಯಲಾಗಲಿಲ್ಲ. ನೆಟ್ಟು ಕಟ್ಟುತ್ತಿದ್ದ ಜಾಗ ಇದೇ ಇರಬೇಕು, ಈ ಎರಡು ಕಂಬಗಳ ನಡುವೆ.

“ಅಕ್ಕಾ” ಅಂದೆ. ಅವಳು ಬೆಚ್ಚಿ ನೋಡಿದಳು. “ಅವತ್ತು ನಂಗೆ ಗೊತ್ತಿತ್ತು.”

“ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು” ಎಂದಳು. ಎಲೆಯ ತುದಿಯಲ್ಲಿದ್ದ ಉಪ್ಪನ್ನು ಬೆರಳಲ್ಲಿ ಗೆರೆ ಎಳೆದು ಸರಿಸುತ್ತಿದ್ದಳು. “ಮೈಸೂರು ಹಾಳಾಗ್ಲಿ ಬಿಡೇ. ಐದು-ನಾಕಕ್ಕೆ ನಿಂತಿತ್ತು. ಹಲಗೆ ಎರಡನ್ನೂ ಭತ್ತದ ಮೂಟೆ ಹಿಂದೆ ಬಚ್ಚಿಟ್ಟಿದ್ದೆ. ಶನಿವಾರ ಶನಿವಾರ ಬಸ್ ಸ್ಟ್ಯಾಂಡ್ ಕಡೆ ನೋಡ್ತಾ ಗಿರಣಿ ಬಾಗಿಲಲ್ಲಿ ನಿಂತ್ಕೋತಿದ್ದೆ. ನೀನು ಎಷ್ಟು ಸಲ ಬಂದೆ, ಹೇಳು?”

ಬಡಿಸುವವರು ಪಾಯಸ ತಂದರು. ಅವರು ಮುಂದಿನ ಎಲೆಗೆ ಹೋಗುವವರೆಗೂ ಅವಳು ಕಾದಳು. ಉತ್ತರ ಬೇಕೇ ಬೇಕು ಅನ್ನುವ ಹಾಗೆ ನನ್ನನ್ನೇ ನೋಡುತ್ತಿದ್ದಳು, ಲಾಟೀನಿನ ಬೆಳಕಿನಲ್ಲಿ ಅವತ್ತು ನೋಡಿದ ಹಾಗೆಯೇ. ಈ ಸಲ ಗೊತ್ತಿಲ್ಲ ಅನ್ನಲಾಗಲಿಲ್ಲ.

“ಲವ್” ಅಂದೆ.